ಬೆನ್ನು ತುಳಿಯುತ್ತಿದ್ದ ಹುಡುಗಿ

ಪ್ರೇಮಲತಾ ತನ್ನ ಕಸುಬನ್ನು ಮೊದಲು ಕಲಿತದ್ದು ಪಾದಗಳಿಂದ.

ಕೊಟ್ಟಿಗೆಹಾರದಿಂದ ಒಳಗೆ ಹೋದರೆ ಸಿಗುವ ಹೊಸಗದ್ದೆ ಕಾಫಿ ಎಸ್ಟೇಟಿನಲ್ಲಿ, ಕೂಲಿಯವರ ಲೈನ್ ಮನೆಯಲ್ಲಿ ಅವಳು ಹುಟ್ಟಿದ್ದು. ಕುಯ್ಲಿನ ದಿನಗಳಲ್ಲಿ ಸಂಜೆ ಹಣ್ಣು ಅಳೆದುಕೊಟ್ಟು ಬಂದ ಹೆಂಗಸರು ಒಲೆಯ ಮೇಲೆ ಅನ್ನಕ್ಕೆ ಎಸರಿಟ್ಟು, ಅದು ಕುದಿಯುವಷ್ಟು ಹೊತ್ತು ಜಗಲಿಯಲ್ಲಿ ಚಾಪೆ ಹಾಸಿ ಬೋರಲು ಮಲಗುತ್ತಿದ್ದರು. "ಬಾರೇ ಮಗಾ, ಒಂಚೂರು ಬೆನ್ನು ತುಳಿ" ಎಂದು ಮನೆಮನೆಯಿಂದ ಮಕ್ಕಳಿಗೆ ಕರೆ ಬರುತ್ತಿತ್ತು. ಬೇರೆ ಮಕ್ಕಳು ಎರಡು ಸಲ ಕುಣಿದು ಓಡಿಹೋಗುತ್ತಿದ್ದವು. ಪ್ರೇಮಲತಾ ಮಾತ್ರ ಗೋಡೆ ಹಿಡಿದುಕೊಂಡು, ಸೊಂಟದಿಂದ ಮೇಲಕ್ಕೆ ಮೆಲ್ಲಗೆ ನಡೆಯುತ್ತಿದ್ದಳು. ಹೆಬ್ಬೆರಳಿಗೆ ಎಲ್ಲಾದರೂ ಗಂಟಿನ ಹಾಗೆ ಗಟ್ಟಿ ಸಿಕ್ಕರೆ ಅಲ್ಲೇ ನಿಂತುಬಿಡುತ್ತಿದ್ದಳು. ಕೆಳಗಿನ ಗಟ್ಟಿ ತಾನಾಗಿ ಸಡಿಲವಾಗಿ, ಮಲಗಿದವರ ಉಸಿರು ಉದ್ದವಾಗುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ.

ತಾಯಿ ರಾಮಮ್ಮನ ಬೆನ್ನು ಮುಗಿದರೆ ಪಕ್ಕದ ಮನೆಯ ದ್ಯಾವಮ್ಮನದು. ದ್ಯಾವಮ್ಮ ಎಂದರೆ ಹೊಸಗದ್ದೆಯ ಕುಯ್ಲಿನ ಸಾಲಿಗೆ ಎಲ್ಲರಿಗಿಂತ ಮುಂದೆ ನಿಲ್ಲುವ ತಲೆಯಾಳು. ಎಡಗೈಯಲ್ಲಿ ರೋಬಸ್ಟಾ ರೆಂಬೆ ಬಗ್ಗಿಸಿ ಹಿಡಿದು ಬಲಗೈಯಲ್ಲಿ ಅವಳು ಹಣ್ಣು ಸೆಳೆದರೆ ಚೀಲದೊಳಗೆ ಮಳೆ ಬಿದ್ದ ಸದ್ದಾಗುತ್ತಿತ್ತು. ಅಂಥವಳು ಚಾಪೆಯ ಮೇಲೆ ಕಣ್ಣು ಮುಚ್ಚಿಕೊಂಡು, "ರಾಮಕ್ಕಾ, ನಿನ್ನ ಮಗಳ ಕಾಲಲ್ಲಿ ಕಣ್ಣಿದಾವೆ ಕಣೇ" ಎನ್ನುತ್ತಿದ್ದಳು.

ಆಮೇಲೆ ಹುಡುಗಿ ಬೆಳೆದಳು. ಒಂದು ಸಂಜೆ ದ್ಯಾವಮ್ಮ, "ಅಯ್ಯಯ್ಯೋ, ಇಳಿಯೇ ಮಾರಾಯ್ತಿ! ಹಣ್ಣಿನ ಮೂಟೆ ಹೇರಿದ ಹಂಗಾಯ್ತು" ಎಂದು ಕೂಗಿಕೊಂಡಳು. ಲೈನಿಗೆ ಲೈನೇ ನಕ್ಕಿತು. ಕೆಲಸ ಹೋಯಿತೆಂದು ಪ್ರೇಮಲತಾ ಮೂಲೆಯಲ್ಲಿ ಕುಳಿತು ಅತ್ತಳು. ಮಾರನೆಯ ದಿನ ದ್ಯಾವಮ್ಮನ ಪಕ್ಕದಲ್ಲಿ ಮಂಡಿಯೂರಿ ಕುಳಿತು, ಕಾಲಿಗೆ ಗೊತ್ತಿದ್ದ ಜಾಗವನ್ನು ಹೆಬ್ಬೆರಳಿನಿಂದ ಹುಡುಕತೊಡಗಿದಳು.

ಹೀಗೆ ಶುರುವಾದದ್ದು ಅವಳನ್ನು ಮಂಗಳೂರಿನ ಫಿಸಿಯೋಥೆರಪಿ ಕಾಲೇಜಿನವರೆಗೆ ಕರೆದುಕೊಂಡು ಹೋಯಿತು. ಓದಿದ ಮೇಲೆ ಅಲ್ಲೇ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿದಳು. ಅಲ್ಲಿ ನೋವಿನ ಕೈ ಅದ್ದಲು ಬಿಸಿ ಮೇಣದ ತೊಟ್ಟಿ ಇತ್ತು, ಕರೆಂಟಿನ ಪೆಟ್ಟಿಗೆ ಇತ್ತು, ಗೋಡೆಗೆ ರಾಟೆ ಇತ್ತು. ಮದುವೆಯಾಗಿ ಮಗಳು ಧನ್ಯಶ್ರೀ ಹುಟ್ಟಿದ ಮೇಲೆ, ಪಿಕಪ್ ಓಡಿಸುವ ಗಂಡ ಗಿರಿಯ ಜೊತೆ ಕೊಟ್ಟಿಗೆಹಾರಕ್ಕೆ ಬಂದು ಮನೆಯ ಮುಂದಿನ ಕೋಣೆಯಲ್ಲಿ ತನ್ನದೇ ಜಾಗ ಮಾಡಿಕೊಂಡಳು. ಸಿಲ್ವರ್ ಮರದ ಹಲಗೆಯ ಮಂಚ, ಒಂದು ಪರದೆ, ಎರಡು ದಿಂಬು. ಮೂಲೆಯಲ್ಲಿ ಮಗುವಿನ ಜೋಲಿ. ಒಂದು ಕಾಲಿನಲ್ಲಿ ಜೋಲಿ ತೂಗುತ್ತ, ಎರಡು ಕೈಯಲ್ಲಿ ಯಾರದೋ ಕತ್ತು ಹಿಡಿದು ಅವಳು ಕೆಲಸ ಮಾಡುತ್ತಿದ್ದುದನ್ನು ಕಂಡವರು ಎಷ್ಟೋ ಜನ.

ಬಂದವರಿಗೆ ಮೊದಲು ನಿರಾಸೆಯೇ. "ಕರೆಂಟು ಕೊಡಲ್ವಾ ಮೇಡಂ?" ಎಂದು ಸುತ್ತ ನೋಡುತ್ತಿದ್ದರು.

"ಮನೆ ಬಲ್ಬಿಗೇ ಸರಿಯಾಗಿ ಕರೆಂಟು ಬರಲ್ಲ, ನಿಮ್ಮ ಸೊಂಟಕ್ಕೆ ಎಲ್ಲಿಂದ ತರ್ಲಿ? ಮಲಗಿ."

ನಗುತ್ತಲೇ ಮಲಗುತ್ತಿದ್ದರು. ಅವಳು ಬಿಸಿನೀರಿನ ಬಟ್ಟಲಲ್ಲಿ ಕೈ ಅದ್ದಿ, ಒರೆಸಿ, ಬೆಚ್ಚಗಿದೆಯೇ ಎಂದು ತನ್ನ ಕೆನ್ನೆಗೇ ಇಟ್ಟು ನೋಡಿಕೊಂಡು, ನೋವಿರುವ ಜಾಗ ಬಿಟ್ಟು ಅದರ ಸುತ್ತ ಮೊದಲು ಕೈಯಿಡುತ್ತಿದ್ದಳು. ನೋಯುವ ಜಾಗ ಹೆದರಿಕೊಂಡಿರುತ್ತದೆ, ಅಪರಿಚಿತರನ್ನು ಕಂಡ ಮಗುವಿನ ಹಾಗೆ. ನೇರ ಹೋಗಿ ಎತ್ತಿಕೊಂಡರೆ ಇನ್ನೂ ಜೋರಾಗಿ ಚೀರುತ್ತದೆ. ಪಕ್ಕದಲ್ಲಿ ಸುಮ್ಮನೆ ಕುಳಿತರೆ ತಾನೇ ಹತ್ತಿರ ಬರುತ್ತದೆ. ಇದು ಅವಳ ಲೆಕ್ಕ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕತ್ತು, ಜೀಪು ಓಡಿಸುವವರ ಸೊಂಟ, ನೆರಳಿನ ಮರ ಹತ್ತಿ ಕೊಂಬೆ ಕಡಿದು ಮರಗಸಿ ಮಾಡುವವರ ಮೊಣಕೈ ಎಲ್ಲ ಆ ಮಂಚದ ಮೇಲೆ ಹಾಗೆಯೇ ಸಡಿಲವಾದವು. ತನ್ನ ಕೈಗೆ ನಿಲುಕದ್ದು ಎಂದು ಗೊತ್ತಾದರೆ ಒಂದು ದಿನವೂ ಇಟ್ಟುಕೊಳ್ಳದೆ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದಳು. ಒಂದೇ ದೋಷವೆಂದರೆ ನಾಲಿಗೆ. ಹೇಳಿದ ವ್ಯಾಯಾಮ ಮಾಡದೆ ಬಂದವರನ್ನು ಜಮೀನ್ದಾರರು, ಕೂಲಿಯವರು ಎಂಬ ಭೇದವಿಲ್ಲದೆ ಬೈಯುತ್ತಿದ್ದಳು.

ದೀಪಾವಳಿಯ ಮರುದಿನ ತಾಯಿಯನ್ನು ನೋಡಲು ಲೈನಿಗೆ ಹೋದಾಗ ದ್ಯಾವಮ್ಮ ಜಗಲಿಯಲ್ಲಿ ಕುಳಿತಿದ್ದಳು. ತಲೆಗೂದಲು ಬಿಚ್ಚಿಕೊಂಡಿತ್ತು. ಯಾವಾಗಲೂ ಬಿಗಿಯಾಗಿ ತುರುಬು ಕಟ್ಟುವವಳು.

"ಯಾಕತ್ತೆ, ತುರುಬು ಎಲ್ಲಿ ಹೋಯ್ತು?"

"ಹೊಸ ಫ್ಯಾಶನ್ನು" ಎಂದಳು ದ್ಯಾವಮ್ಮ. ಆದರೆ ಎಡಗೈ ಸೆರಗಿನೊಳಗೇ ಇತ್ತು.

ವಿಷಯ ಹೊರಬಿದ್ದದ್ದು ರಾಮಮ್ಮನ ಬಾಯಿಂದ. ಮಳೆಗಾಲದಲ್ಲಿ ಸೌದೆ ತರುವಾಗ ಇಳಿಜಾರಿನಲ್ಲಿ ಜಾರಿ ದ್ಯಾವಮ್ಮ ಎಡ ಭುಜದ ಮೇಲೆ ಬಿದ್ದಿದ್ದಳು. ಎಕ್ಸ್‌ರೇಯಲ್ಲಿ ಮೂಳೆ ಸರಿಯಿತ್ತು. ಸ್ವಲ್ಪ ದಿನ ಬಿಟ್ಟು ಕೈ ಆಡಿಸಲು ಶುರು ಮಾಡಿ ಎಂದು ಆಸ್ಪತ್ರೆಯಲ್ಲಿ ಹೇಳಿಯೇ ಕಳಿಸಿದ್ದರು. ಆದರೆ ಮಲೆನಾಡಿನ ಮಳೆಯಲ್ಲಿ ನೋವು ಬಂದರೆ ಅದು ಥಂಡಿಯೇ. ಥಂಡಿ ಹೊಕ್ಕ ಕೈಯನ್ನು ಗಾಳಿಗೆ ಬಿಡಬಾರದೆಂದು ಎದೆಗೆ ಕಟ್ಟಿ, ಮೇಲೆ ಕಂಬಳಿ ಸುತ್ತಿ, ಬಚ್ಚಲೊಲೆಯ ಮುಂದೆ ಕುಳಿತು ಅವಳು ಇಡೀ ಮಳೆಗಾಲ ಕಳೆದಿದ್ದಳು. ಬಿಸಿಲು ಬಂದು ಕಂಬಳಿ ಬಿಚ್ಚಿದಾಗ ಕೈ ಕಟ್ಟಿದಲ್ಲೇ ಉಳಿದಿತ್ತು. ಪಕ್ಕಕ್ಕೆ ಎತ್ತಿದರೆ ಎದೆಮಟ್ಟಕ್ಕೂ ಬರುತ್ತಿರಲಿಲ್ಲ.

"ನನಗೆ ಒಂದು ಮಾತು ಹೇಳಬಾರದಿತ್ತಾ?" ಪ್ರೇಮಲತಾಗೆ ಸಿಟ್ಟು, ಅಳು ಒಟ್ಟಿಗೆ ಬಂದವು.

"ನಿಂದು ಎಳೇ ಕೂಸು. ಅದನ್ನ ಬಿಟ್ಟು ನನ್ನ ಕೈ ಹಿಡ್ಕೊಂಡು ಕೂರು ಅಂತ ಹೇಳ್ಲಾ? ಈಗ ಹೇಳ್ತೀನಿ ಕೇಳು. ರೋಬಸ್ಟಾದ ದೊಡ್ಡ ಕುಯ್ಲು ಶುರುವಾಗೋ ಹೊತ್ತಿಗೆ ಈ ಕೈ ಮೇಲಕ್ಕೆ ಹೋಗ್ಬೇಕು. ಇಲ್ಲಾಂದ್ರೆ ಜವರಯ್ಯ ನನ್ನನ್ನ ಉದುರು ಹಣ್ಣಿಗೆ ಹಾಕ್ತಾನೆ."

ಆ ಮಾತಿನ ಭಾರ ಪ್ರೇಮಲತಾಗೆ ಗೊತ್ತಿತ್ತು. ರೋಬಸ್ಟಾ ಗಿಡ ಎತ್ತರ. ಕೈ ಎತ್ತಲಾಗದವರು ಅದನ್ನು ಕುಯ್ಯಲಾರರು. ಅಂಥವರನ್ನು, ಬಹಳ ವಯಸ್ಸಾದವರನ್ನು ಮೇಸ್ತ್ರಿ ಜವರಯ್ಯ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರಿಸಿ, ನೆಲಕ್ಕೆ ಬಿದ್ದ ಹಣ್ಣು ಹೆಕ್ಕಲು ಬಿಡುತ್ತಿದ್ದ. ಒಮ್ಮೆ ಉದುರು ಹಣ್ಣಿಗೆ ಕುಳಿತವರು ಮತ್ತೆ ಸಾಲಿಗೆ ಎದ್ದು ಬಂದದ್ದನ್ನು ಹೊಸಗದ್ದೆ ಕಂಡಿರಲಿಲ್ಲ. ಸಾಲಿನ ತಲೆಯಲ್ಲಿ ನಿಂತು ಬಾಳಿದವಳಿಗೆ ಅದು ಎಲ್ಲರ ಕಾಲ ಕೆಳಗೆ ಕುಳಿತ ಹಾಗೆ.

"ಯಾರಿಗೂ ಗೊತ್ತಾಗಬಾರದು" ಎಂದಳು ದ್ಯಾವಮ್ಮ.

"ಭಾಗಮ್ಮಂಗಾದ್ರೂ ಹೇಳಿ. ಜೊತೆ ಗಿಡದಲ್ಲಿ ಇರ್ತಾರೆ, ರೆಂಬೆ ಬಗ್ಗಿಸಿ ಕೊಡ್ತಾರೆ."

"ಭಾಗಮ್ಮಂಗಾ? ಅದರ ಬದಲು ಬಸ್‌ಸ್ಟ್ಯಾಂಡಲ್ಲಿ ಮೈಕ್ ಹಾಕಿಸು."

ಅಲ್ಲಿಂದ ಮುಂದೆ ಪ್ರತಿ ಭಾನುವಾರ, ಬುಧವಾರ ದ್ಯಾವಮ್ಮ ಸಂಜೆಯ ಬಸ್ಸಿಗೆ ಕೊಟ್ಟಿಗೆಹಾರಕ್ಕೆ ಬರುವುದಾಯಿತು. ಪ್ರೇಮಲತಾ ಅವಳನ್ನು ಬಲ ಮಗ್ಗುಲಿಗೆ ಮಲಗಿಸಿ, ಎಡಗೈಯ ಇಡೀ ಭಾರವನ್ನು ತನ್ನ ತೋಳಿನ ಮೇಲೆ ಹೊತ್ತುಕೊಳ್ಳುತ್ತಿದ್ದಳು. "ಬಿಡಿ ಅತ್ತೆ. ಕೈ ನನಗೆ ಕೊಟ್ಟುಬಿಡಿ. ನೀವು ಹಿಡ್ಕೊಂಡಿದೀರಿ ಇನ್ನೂ." ದ್ಯಾವಮ್ಮನಿಗೆ ಬಿಡುವುದೇ ಕಷ್ಟ. ಹುಟ್ಟಿದಾಗಿನಿಂದ ಹಿಡಿದು, ಎಳೆದು, ಹೊತ್ತು ಗೊತ್ತು. ಬೆನ್ನಿನ ಹಲಗೆಮೂಳೆಯ ಅಂಚಿನಲ್ಲಿ ಬೆರಳಿಟ್ಟು ಪ್ರೇಮಲತಾ ಕಾಯುತ್ತಿದ್ದಳು. ಬಹಳ ಹೊತ್ತಿನ ಮೇಲೆ ಅಲ್ಲಿ ಏನೋ ಸಡಿಲವಾಗಿ ತೋಳು ಒಮ್ಮೆಗೇ ಭಾರವಾಗುತ್ತಿತ್ತು, ನಿದ್ದೆ ಹೋದ ಮಗು ಹೆಗಲ ಮೇಲೆ ಭಾರವಾಗುವಂತೆ. ಆಗ ಮಾತ್ರ ಅವಳು ಕೀಲನ್ನು ಮೆಲ್ಲಗೆ, ಕೂದಲೆಳೆಯಷ್ಟು ಮುಂದಕ್ಕೆ ಸರಿಸುತ್ತಿದ್ದಳು. ಎದ್ದು ಹೋಗುವಾಗ ಕೈ ಭುಜದ ಮಟ್ಟ ಮುಟ್ಟುತ್ತಿತ್ತು.

ಆದರೆ ಮುಂದಿನ ಸಲ ಬರುವಾಗ ಮತ್ತೆ ಎದೆಯ ಮಟ್ಟ. ಅದರ ಮುಂದಿನ ಸಲವೂ ಹಾಗೆಯೇ.

"ಹೇಳಿದ್ದು ಮಾಡ್ತಿದೀರಾ?"

"ಮಾಡ್ತೀನಿ ಮಾರಾಯ್ತಿ."

"ಕೆಲಸದಲ್ಲಿ ಕೈ ಆಡಿಸ್ತಿದೀರಾ?"

"ಹಣ್ಣು ಏನು ಬಾಯಲ್ಲಿ ಕುಯ್ತೀನಾ?"

ಡಿಸೆಂಬರ್ ಕೊನೆಗೆ ಬಂತು. ಬೇಗ ಹಣ್ಣಾದ ರೋಬಸ್ಟಾ ಗಿಡಗಳ ಸಣ್ಣ ಸುತ್ತಿನ ಕುಯ್ಲು ಆಗಲೇ ನಡೆಯುತ್ತಿತ್ತು. ದೊಡ್ಡ ಕುಯ್ಲು ಸಂಕ್ರಾಂತಿ ಕಳೆದ ಮೇಲೆ. ಅವತ್ತು ದ್ಯಾವಮ್ಮನ ಎಡ ಅಂಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡಿದ್ದ ಪ್ರೇಮಲತಾಗೆ ಏನೋ ತಪ್ಪಿದೆ ಅನ್ನಿಸಿತು. ಆ ಅಂಗೈ ಮೆತ್ತಗಿತ್ತು, ಬಾಣಂತಿಯ ಕೈಯಷ್ಟು. ರೆಂಬೆ ಎಳೆಯುವ ಕೈಯಲ್ಲಿ ಇರಬೇಕಾದ ಜಡ್ಡು ಮಾಯವಾಗಿತ್ತು. ಬಲಗೈ ತಿರುಗಿಸಿ ನೋಡಿದಳು: ಹಣ್ಣಿನ ಸೊನೆ ಹತ್ತಿ ಬೆರಳುಗಳೆಲ್ಲ ಕಪ್ಪು. ಎಡಗೈ ಬೆರಳು ಶುಭ್ರ. ಮರುದಿನ ಬೆಳಿಗ್ಗೆ ಮಗಳನ್ನು ಗಿರಿಯ ಹತ್ತಿರ ಬಿಟ್ಟು ಸ್ಕೂಟರ್ ಹತ್ತಿ ಹೊಸಗದ್ದೆಗೆ ಹೋದಳು.

ಕೆಳಗಿನ ಬ್ಲಾಕಿನಲ್ಲಿ ಸಾಲು ಕೆಲಸಕ್ಕೆ ನಿಂತಿತ್ತು. ತಲೆಯಲ್ಲಿ ದ್ಯಾವಮ್ಮ. ಅವಳ ಸೊಂಟಕ್ಕೆ ನೈಲಾನ್ ಹಗ್ಗ ಬಿಗಿದಿತ್ತು, ಹಗ್ಗದ ತುದಿಗೆ ಕಾಫಿ ಗಿಡದ ಕವೆಯಿಂದ ಮಾಡಿದ ಕೊಕ್ಕೆ. ಬಲಗೈಯಲ್ಲಿ ಕೊಕ್ಕೆ ಎಸೆದು ರೆಂಬೆಗೆ ಸಿಕ್ಕಿಸುತ್ತಿದ್ದಳು, ಒಂದು ಹೆಜ್ಜೆ ಹಿಂದಕ್ಕೆ ವಾಲುತ್ತಿದ್ದಳು. ರೆಂಬೆ ಬಗ್ಗಿ ಎದುರಿಗೆ ಬಂದು ನಿಲ್ಲುತ್ತಿತ್ತು. ಬಲಗೈ ಹಣ್ಣು ಸೆಳೆಯುತ್ತಿತ್ತು. ಎಡಗೈಗೆ ಕೆಲಸವೇ ಇಲ್ಲ. ಚೀಲದ ಬಾಯಿ ಹಿಡಿದ ಹಾಗೆ ನಟಿಸುತ್ತ ಸುಮ್ಮನೆ ಬಿದ್ದಿತ್ತು.

"ಬಂದ್ರಾ ಡಾಕ್ಟ್ರಮ್ಮಾ" ಎಂದು ಜವರಯ್ಯ ಎದ್ದು ಬಂದ. "ನೋಡಿ ನಮ್ಮ ದ್ಯಾವಮ್ಮಂದು ತಲೆ! ಎಲ್ಲಾರಿಗೂ ಇಂಥದ್ದೇ ಒಂದೊಂದು ಮಾಡಿಸಿಬಿಡಾಣ ಅಂತಿದೀನಿ."

"ನನಗೂ ಒಂದು ಮಾಡ್ಕೊಡು ಅಂತ ಎಷ್ಟು ಬೇಡ್ಕೊಂಡೆ, ಕೊಡಲ್ಲ ಅಂತಾಳೆ" ಎಂದು ಭಾಗಮ್ಮ ಆಚೆ ಗಿಡದಿಂದ ದೂರು ಹೇಳಿದಳು.

ಅಷ್ಟರಲ್ಲಿ ದಪ್ಪ ರೆಂಬೆಯೊಂದು ಪಟ್ಟನೆ ಮೇಲಕ್ಕೆ ಚಿಮ್ಮಿತು. ಸೊಂಟಕ್ಕೆ ಕಟ್ಟಿದ ಹಗ್ಗ ದ್ಯಾವಮ್ಮನನ್ನು ಎಳೆದುಕೊಂಡು ಹೋಗಿ ಗಿಡಕ್ಕೆ ಒಗೆಯಿತು. ಬೀಳದೆ ನಿಂತಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಪ್ರೇಮಲತಾ ನಗಲಿಲ್ಲ. ಹತ್ತಿರ ಹೋಗಿ ಗಂಟು ಬಿಚ್ಚಿ, ಕೊಕ್ಕೆಯ ಸಮೇತ ಹಗ್ಗ ಸುತ್ತಿಕೊಂಡು, "ಇಳಿಜಾರಲ್ಲಿ ಹಿಂಗಾದ್ರೆ ಸೊಂಟಾನೂ ಹೋಗ್ತದೆ. ಇಷ್ಟು ದಿನ ನಾನು ಕಲ್ಲಿಗೆ ನೀರು ಹೊಯ್ದೆ" ಎಂದು ಎಲ್ಲರೆದುರೂ ಗದರಿ ಹೊರಟುಬಿಟ್ಟಳು.

ಆ ಬುಧವಾರ ದ್ಯಾವಮ್ಮ ಬರಲಿಲ್ಲ. ಭಾನುವಾರವೂ ಬರಲಿಲ್ಲ. ಜ್ವರವೆಂದು ಹೇಳಿ ಕೆಲಸಕ್ಕೂ ಹೋಗಿಲ್ಲ ಎಂದು ರಾಮಮ್ಮ ಫೋನಿನಲ್ಲಿ ತಿಳಿಸಿದಳು. ಪ್ರೇಮಲತಾಗೆ ಊಟ ಸೇರಲಿಲ್ಲ. ಹೆದರಿದ ಜಾಗದ ಮೇಲೆ ನೇರ ಕೈ ಹಾಕಬಾರದು ಎಂದು ಊರಿಗೆಲ್ಲ ಹೇಳುವವಳು ತಾನೇ ಹಾಗೆ ಮಾಡಿ ಬಂದಿದ್ದಳು. ಹಗ್ಗ ಹಿಡಿದುಕೊಂಡು ಲೈನಿಗೆ ಹೋದಳು.

ದ್ಯಾವಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ತಪ್ಪಾಯ್ತತ್ತೆ. ಎಲ್ಲಾರ ಮುಂದೆ ಹಂಗೆ ಅನ್ನಬಾರದಿತ್ತು."

"ಬೆನ್ನು ತುಳೀವಾಗ ಎಷ್ಟು ಚಂದ ಇದ್ದೆ. ಬಾಯಿ ಬಂದ ಮೇಲೆ ಹಾಳಾದೆ" ಎಂದಳು ದ್ಯಾವಮ್ಮ. ಮೊರ ಪಕ್ಕಕ್ಕಿಟ್ಟಳು. "ಹಗ್ಗ ಕೊಡು."

ಕೊಡಲು ಹೋದ ಪ್ರೇಮಲತಾಳ ಕಣ್ಣು ತಲೆಯ ಮೇಲೆ ಹೋಯಿತು. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಜಗಲಿಯ ಉದ್ದಕ್ಕೂ ಕಟ್ಟಿದ ಬಿದಿರು. ಮಂಗಳೂರಿನ ಆಸ್ಪತ್ರೆಯ ಗೋಡೆಯಲ್ಲಿದ್ದ ರಾಟೆ ನೆನಪಾಯಿತು. ಸರಿಯಿರುವ ಕೈಯಲ್ಲಿ ಹಗ್ಗದ ಒಂದು ತುದಿ ಎಳೆದರೆ, ಇನ್ನೊಂದು ತುದಿ ಹಿಡಿದ ಬಿಗಿದ ಕೈ ತಾನಾಗಿ ಮೇಲೇರುತ್ತಿತ್ತು. ಅವಳು ಹಿತ್ತಿಲಿಂದ ಸ್ಪ್ರಿಂಕ್ಲರಿನ ಹಳೇ ಕಪ್ಪು ಪೈಪಿನ ತುಂಡು ತಂದು, ಉದ್ದಕ್ಕೆ ಸೀಳಿ ಬಿದಿರಿಗೆ ತೊಡಿಸಿ, ಅದರ ಮೇಲೆ ಹಗ್ಗ ಎಸೆದಳು. ಕೊಕ್ಕೆಯನ್ನು ಎಡಗೈಗೆ ಹಿಡಿಸಿದಳು. ಬರೀ ತುದಿಯನ್ನು ಬಲಗೈಗೆ ಕೊಟ್ಟಳು.

"ಬಲಗೈಯಲ್ಲಿ ಎಳೀರಿ. ಮೆಲ್ಲಗೆ. ಹಣ್ಣಿರೋ ರೆಂಬೆ ಅಂದ್ಕೊಳ್ಳಿ, ಮುರೀಬಾರದು."

ದ್ಯಾವಮ್ಮ ಎಳೆದಳು. ಎಡಗೈ ಎದೆ ದಾಟಿತು, ಭುಜ ಮುಟ್ಟಿತು, ಅಲ್ಲಿ ನಡುಗಿತು. ಪ್ರೇಮಲತಾ ಹಿಂದೆ ನಿಂತು ಹಲಗೆಮೂಳೆಯ ಮೇಲೆ ಅಂಗೈ ಇಟ್ಟಳು. ಕೈ ಇನ್ನೂ ಒಂದಿಷ್ಟು ಏರಿತು.

"ನೋಯ್ತದೆ ಕಣೇ!"

"ಎಳೆದ ಹಂಗಾ, ಚುಚ್ಚಿದ ಹಂಗಾ?"

"ಎಳೆದ ಹಂಗೆ."

"ಅದು ಇರ್ಲಿ. ಚುಚ್ಚಿದ್ರೆ ನಿಲ್ಸಿ."

ದ್ಯಾವಮ್ಮ ಹಗ್ಗವನ್ನು ಮೇಲೆ ಕೆಳಗೆ ನೋಡಿದಳು. "ನನ್ನ ಕೊಕ್ಕೆ ತಗೊಂಡು ನನಗೇ ಕೊಕ್ಕೆ ಹಾಕಿದ್ಯಲ್ಲೇ!" ಎಂದು ನಕ್ಕಳು. ಆಮೇಲೆ ಆಚೀಚೆ ನೋಡಿ ದನಿ ಇಳಿಸಿದಳು. "ಇಲ್ಲಿ ಮಾಡಿದ್ರೆ ಭಾಗಮ್ಮ ನೋಡ್ತಾಳೆ. ಗೋಣಿಬೀಡಲ್ಲಿರೋ ನನ್ನ ಮಗಳಿಗೆ ಹುಷಾರಿಲ್ಲ ಅಂತ ಜವರಯ್ಯಂಗೆ ಹೇಳಿ ನಿನ್ನ ಮನೇಗೇ ಬಂದುಬಿಡ್ತೀನಿ."

ಹಾಗೆ ದ್ಯಾವಮ್ಮ ಬಟ್ಟೆಯ ಚೀಲ ಹಿಡಿದು ಗೋಣಿಬೀಡಿಗೆಂದು ಹೊರಟು ಕೊಟ್ಟಿಗೆಹಾರದಲ್ಲೇ ಇಳಿದಳು. ಧನ್ಯಶ್ರೀಯ ಜೋಲಿಯ ಪಕ್ಕದ ತೊಲೆಗೆ ಕೊಕ್ಕೆಯ ಹಗ್ಗ ಬಿತ್ತು. ಬೆಳಿಗ್ಗೆ ಗಂಜಿ ಕುಡಿದು ಒಮ್ಮೆ, ಮಗು ಮಲಗಿದ ಮೇಲೆ ಒಮ್ಮೆ, ಸಂಜೆ ಪ್ರೇಮಲತಾಳ ಕೈ ಬಿದ್ದ ಮೇಲೆ ಇನ್ನೊಮ್ಮೆ. ಮಗು ಜೋಲಿಯಿಂದ ತಲೆ ಎತ್ತಿ ನೋಡುತ್ತ, ಕೈ ಮೇಲೇರಿದಾಗೆಲ್ಲ ಕೇಕೆ ಹಾಕುತ್ತಿತ್ತು. ಗಿರಿ ಪಿಕಪ್ಪಿನಿಂದ ಇಳಿದು ಬಂದು, "ಎಷ್ಟು ಮೇಲಕ್ಕೆ ಬಂತು ಅತ್ತೆ ಬಾವುಟ?" ಎಂದು ಕೇಳುತ್ತಿದ್ದ. ಎಲ್ಲ ದಿನವೂ ಒಂದೇ ತರ ಇರಲಿಲ್ಲ. ಚಳಿ ಹೆಚ್ಚಿದ ಬೆಳಿಗ್ಗೆ ಕೈ ಮುನಿಸಿಕೊಂಡು ಕೆಳಗೇ ಉಳಿಯುತ್ತಿತ್ತು. ಆಗ ದ್ಯಾವಮ್ಮ ಕಂಬಳಿ ಹುಡುಕುತ್ತಿದ್ದಳು. ಪ್ರೇಮಲತಾ ಅದನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದಳು. ಬೈಗುಳ ಮಾತ್ರ ಬರಲಿಲ್ಲ. ಪಕ್ಕದಲ್ಲಿ ಕುಳಿತು ತೋಳಿನ ಭಾರವನ್ನು ತನ್ನ ಮಡಿಲಿಗೆ ತೆಗೆದುಕೊಂಡು, ಅದು ಬಿಡುವ ತನಕ ಕಾಯುತ್ತಿದ್ದಳು. ಒಂದು ಬೆಳಿಗ್ಗೆ ಮಗುವಿಗೆ ಹಾಲು ಕುಡಿಸಿ ಬಂದು ನೋಡಿದರೆ ದ್ಯಾವಮ್ಮ ಕನ್ನಡಿಯ ಮುಂದೆ ಕತ್ತು ಬಗ್ಗಿಸಿ ನಿಂತಿದ್ದಳು. ತುರುಬು ಸೊಟ್ಟಗಿತ್ತು. ಆದರೆ ಎರಡು ಕೈಯಲ್ಲೂ ಕಟ್ಟಿದ್ದು.

ಸಂಕ್ರಾಂತಿ ಕಳೆಯಿತು. ದ್ಯಾವಮ್ಮ ಕೊಕ್ಕೆ ಹಿಡಿದುಕೊಂಡು ಲೈನಿಗೆ ವಾಪಸಾದಳು. ಕುಯ್ಲಿನ ಮೊದಲ ದಿನ ಪ್ರೇಮಲತಾ ನೋಡಲು ಹೋಗಲಿಲ್ಲ. ಹೋದರೆ ಅತ್ತೆಯ ಕಣ್ಣು ತನ್ನ ಮೇಲೆ ಇರುತ್ತದೆ, ಗಿಡದ ಮೇಲೆ ಇರುವುದಿಲ್ಲ ಎಂದುಕೊಂಡಳು. ಆದರೆ ಆ ದಿನ ಮಂಚದ ಮೇಲೆ ಮಲಗಿದವರ ಮೈಯಲ್ಲಿ ಅವಳ ಕೈ ನಿಲ್ಲಲಿಲ್ಲ. ಲಾರಿ ಡ್ರೈವರೊಬ್ಬರು, "ಮೇಡಂ, ಆ ಭುಜ ಸರಿ ಇದೆ, ನೋವಿರೋದು ಸೊಂಟದಲ್ಲಿ" ಎಂದು ನೆನಪಿಸಬೇಕಾಯಿತು.

ಸಂಜೆಯ ಬಸ್ಸಿಗೆ ದ್ಯಾವಮ್ಮ ಬಂದಳು. ಕೆಲಸದ ಅಂಗಿಯನ್ನೂ ಕಳಚಿರಲಿಲ್ಲ. ಮಂಚದ ಅಂಚಿಗೆ ಕುಳಿತು ನೀರು ಕೇಳಿ ಕುಡಿದಳು.

"ಏನಂದ್ರು ಮೇಸ್ತ್ರಿ?"

"ಅವನು ಎಂತ ಅಂತಾನೆ? ಕೊಕ್ಕೆ ಎಲ್ಲಿ ಅಂತ ಕೇಳ್ದ. ಕೈಯಲ್ಲಿದೆ ಅಂದೆ."

"ಸೊಂಟಕ್ಕೆ ಕಟ್ಟಲಿಲ್ಲ ತಾನೆ?"

"ಎಡಗೈಯಲ್ಲಿ ಹಿಡ್ಕೊಂಡಿದ್ದೆ ಕಣೇ. ನಡುವಿನ ರೆಂಬೆಗೆ ಬರೀ ಕೈ ಸಾಕಾಯ್ತು. ತುದೀದು ಸಿಗಲಿಲ್ಲ, ಕೊಕ್ಕೆಯಲ್ಲಿ ಎಳ್ಕೊಂಡೆ. ತಲೆಯಲ್ಲಿ ನಿಲ್ಲಕ್ಕಾಗಲಿಲ್ಲ. ಭಾಗಮ್ಮ ಮುಂದೆ ಹೋದ್ಲು. ನಾನು ಅವಳ ಹಿಂದಿನ ಗಿಡ." ನೀರಿನ ಲೋಟ ಕೆಳಗಿಟ್ಟಳು. "ಪರವಾಗಿಲ್ಲ. ನಿಂತ್ಕೊಂಡೇ ಕುಯ್ದೆ."

ಎರಡು ಅಂಗೈಗಳನ್ನೂ ಬಿಚ್ಚಿ ಪ್ರೇಮಲತಾಳ ಮುಂದೆ ಚಾಚಿದಳು. ಬಲಗೈ ಕಪ್ಪಾಗಿತ್ತು. ಎಡಗೈ ಬೆರಳುಗಳ ಸಂದಿಯಲ್ಲೂ ಸೊನೆ ಹತ್ತಿ ಕಪ್ಪಾಗಿತ್ತು. ಮೆತ್ತಗಾಗಿದ್ದ ಅಂಗೈಯಲ್ಲಿ ರೆಂಬೆ ಉಜ್ಜಿದ ಕೆಂಪು ಗೆರೆ ಎದ್ದಿತ್ತು. ಪ್ರೇಮಲತಾ ಆ ಕೈಯನ್ನು ಹಿಡಿದು ಗೆರೆಯ ಮೇಲೆ ಹೆಬ್ಬೆರಳು ಆಡಿಸಿದಳು. ಆಡಿಸುತ್ತಲೇ ಇದ್ದಳು.

"ಅಳಬೇಡ್ವೇ, ಕೂಸು ಎದ್ದೀತು" ಎಂದಳು ದ್ಯಾವಮ್ಮ.

ಪ್ರೇಮಲತಾ ಮುಂಗೈಯಿಂದ ಮೂಗು ಒರೆಸಿಕೊಂಡು, ಬಟ್ಟಲಿನ ಬಿಸಿನೀರಿಗೆ ಕೈ ಅದ್ದಿದಳು.

"ಮಲಗಿ. ತುದಿ ರೆಂಬೆ ಬಾಕಿ ಇದೆಯಲ್ಲ."